ಸೆಮಿನಾರ್, ಸೆಂಡ್‌ಆಫ್ ಒಂದೇ ದಿನ ಇಟ್ರ ನಡೀತದೇನ್ರಿ?

ಧಾರವಾಡ ಎಂಎಸ್ಸಿ: ಫಿಸಿಕ್ಸ್ ನಾಲ್ಕನೇ ಸೆಮ್, 38 ಮಂದಿ ಅದೀವಿ. ಮುಂಜಾನೆ ಪ್ರಾಜೆಕ್ಟ್ ಸೆಮಿನಾರ್, ಮಧ್ಯಾಹ್ನ ಸೆಂಡ್‌ಆಫ್ ಅಂತ ವಿಚಾರ. ತಲಿಗೆ 300 ರೂಪಾಯಿ ಪಟ್ಟಿ. ಮಾಡಿದವ್ರು ಅನುಭವ ಹೇಳ್ರಿ.

ಫ್ರಿಂಜ್ ಎಣಿಸಿದಾಂವ: ಬ್ಯಾಡ್ರಿ. ಹಂಗ ಮಾಡಿ ನನ್ನ ಸೆಮಿನಾರ್ ಹಾಳಾತು. ಮೈಕೆಲ್ಸನ್ ಇಂಟರ್ಫೆರೋಮೀಟರ್, ಅಂದ್ರ ಬೆಳಕು ಎರಡು ಪಾಲು ಮಾಡಿ ಕನ್ನಡಿಯಿಂದ ತಿರುಗಿ ಕೂಡಿಸೂ ಉಪಕರಣ, ಡಾರ್ಕ್‌ರೂಮಿನಿಂದ ನಾಲ್ಕು ಮಂದಿ ಹೊತಗೊಂಡು ಹಾಲಿಗೆ ತಂದಿದ್ವಿ. ಅಲೈನ್ ಮಾಡಾಕ ಎರಡು ತಾಸು. ಗ್ವಾಡಿ ಮ್ಯಾಲ ಕೆಂಪು ಬಳಿ ಒಂದರೊಳಗೊಂದು ನಿಂತಿದ್ವು, ಎಷ್ಟ್ ಚಂದ ಅಂತೀರಿ! ಅಷ್ಟ್ರಾಗ ಹಿಂದ ಡಿಜೆದಾಂವ ಬಾಸ್ ಚೆಕ್ ಮಾಡಿದ. ಧಂ ಅಂದ ಕೂಡ್ಲೆ ಬಳಿ ಎಲ್ಲಾ ಕಲಸಿಹೋದ್ವು. ಹೀಲಿಯಂ-ನಿಯಾನ್ ಲೇಸರಿನ ಅಲೆಯ ಉದ್ದ 632.8 ನ್ಯಾನೊಮೀಟರ್, ಕನ್ನಡಿ ಅದರ ಅರ್ಧದಷ್ಟು ಸರಿದ್ರ ಒಂದು ಫ್ರಿಂಜ್, ಅಂದ್ರ ಒಂದು ಬಳಿ, ಪೂರಾ ಜಾರ್ತದ. ನಮ್ಮದು ಕಟ್ಟಿಗಿ ಸ್ಟೇಜು, ನೀವ ಲೆಕ್ಕಾ ಹಾಕ್ರಿ. ಪರೀಕ್ಷಕರು "ಹಾಡು ಮುಗೀಲಿ, ಆಮ್ಯಾಲ ಎಣಿಸು" ಅಂದ್ರು, ಮಂದಿ ನಕ್ರು. ಹೊತ್ತು ತರೂವಾಗ ಕನ್ನಡಿ ಸ್ಕ್ರೂ ಕಳದಿತ್ತು, ಅದಕ್ಕ 640 ರೂಪಾಯಿ ನನ್ನ ಕಿಸೆದಿಂದ. ರಸೀದಿ ಇನ್ನೂ ಇಟ್ಟೀನಿ.

ಗದಗ ಮೇಡಂ: ನಮ್ಮದು ಒಂದೇ ದಿನ ಇತ್ತು, ಚಲೋನೇ ಆತು. ಊಟ-ಉಪಚಾರದ ಲೆಕ್ಕ ನನ್ನದು. ಲೈನ್ ಬಜಾರಿನಿಂದ ಪೇಡೆ 4 ಕಿಲೊ, ಗಿರಮಿಟ್-ಮಿರ್ಚಿ 70 ಪ್ಲೇಟ್, ಹೂವಿನ ಹಾರ 6, ಬಂದವರು 5. ಉಳಿದ ಹಾರದ 80 ರೂಪಾಯಿ ಸಲುವಾಗಿ ಇಬ್ಬರು ನನ್ನ ಜೊತೆ ಇವತ್ತಿಗೂ ಮಾತಾಡೂದಿಲ್ಲ. ಕೆಟ್ಟದ್ದು ಒಂದೇ. ನಿಮ್ಮಂಥವರೊಬ್ರು 10 ನಿಮಿಷದ ಮಾತು 35 ನಿಮಿಷ ಎಳದ್ರು. ಒಂದು ಗಂಟೆಗೆ ಅಂತ ಕಲಸಿಟ್ಟ ಗಿರಮಿಟ್ ಎರಡಕ್ಕ ಉಪ್ಪಿಟ್ಟಾಗಿತ್ತು.

ಫ್ರಿಂಜ್ ಎಣಿಸಿದಾಂವ: ಎರಡು ವರ್ಷ ಓದಿದ್ದು ಚುರಮರಿ ಸಲುವಾಗಿ ಏನ್ರಿ ಮೇಡಂ?

ಗದಗ ಮೇಡಂ: ಹಸಿದು ಕೂತವರಿಗೆ ನಿಮ್ಮ ಬಳಿ ಕಾಣ್ತಾವೇನು?

ಹುಬ್ಬಳ್ಳಿ ಹಳೇ ಬ್ಯಾಚ್: ಜಗಳ ಬಿಡ್ರಿ, ಡೆಮೊ ಇಡೂ ವಿಚಾರ ಇದ್ರ ನನ್ನ ಕಥಿ ಕೇಳ್ರಿ. ವೈಬಿಸಿಒ ಅನ್ನೂ ಸೂಪರ್‌ಕಂಡಕ್ಟರ್ (ಭಾಳ ತಂಪಾದ್ರ ಕರೆಂಟಿಗೆ ರೋಧ ಇಲ್ಲದಂಗಾಗೂ ವಸ್ತು) ಬಿಲ್ಲೆ ಮ್ಯಾಲ ಮ್ಯಾಗ್ನೆಟ್ ತೇಲಸ್ಬೇಕಂತ ಹಟ. ಬಿಲ್ಲೆ ನಾವ ಸುಟ್ಟಿದ್ದು. ಮೊದಲ ಎರಡು ಸಲ ಕರ್ರಗ ಬರೂ ಬದ್ಲಿ ಹಸರಾತು, ಮೂರನೇದ್ದು ಗೆದ್ದಿತು. ಬಿಲ್ಲೆ ತಂಪು ಮಾಡೂ ಲಿಕ್ವಿಡ್ ನೈಟ್ರೋಜನ್‌ಗೆ ಗಾಡಿ ಬಾಡಿಗಿ ಸೇರಿ 1,800. ಬೆಳಿಗ್ಗೆ ಸ್ವಾಗತ, ಶಾಲು, ಫಲತಾಂಬೂಲ, ಮತ್ತ ಶಾಲು. ನನ್ನ ಪಾಳಿ ಬರೂದ್ರಾಗ ನೈಟ್ರೋಜನ್ ಅರ್ಧಕ್ಕಿಂತ ಹೆಚ್ಚು ಹಾರಿಹೋಗಿತ್ತು. ಮ್ಯಾಗ್ನೆಟ್ ಒಂದು ನಿಮಿಷ ತೇಲಿತು, ಬಿಲ್ಲೆ ಬಿಸಿಯಾಗಿ 92 ಕೆಲ್ವಿನ್ (ಸುಮಾರು ಮೈನಸ್ 181 ಡಿಗ್ರಿ ಸೆಲ್ಸಿಯಸ್) ದಾಟಿದ್ದ ತಡ ಟಪ್ ಅಂತ ಬಿತ್ತು. ಫೋಟೊ ತೆಗಿಯಾಂವ ಆವಾಗ ಶಾಲಿನ ಫೋಟೊ ನೋಡಕೋತ ಕೂತಿದ್ದ.

ಹಾವೇರಿ ಹೈದ: ಮುಚ್ಚಳ ಬಿಗಿಯಾಗಿ ಹಾಕಿದ್ರ ಉಳೀತಿತ್ತಲ್ಲ ಅಣ್ಣಾ.

ಹುಬ್ಬಳ್ಳಿ ಹಳೇ ಬ್ಯಾಚ್: ಬಿಗಿ ಮುಚ್ಚಳಾ? ಒಂದು ಲೀಟರ್ ಆವಿ ಆದ್ರ ಸುಮಾರು 700 ಲೀಟರ್ ಗ್ಯಾಸ್ ಆಗ್ತದ, ತಮ್ಮಾ. ಡಬ್ಬಿ ಸಿಡದು ಹಾಲ್ ಹಾರ್ತಿತ್ತು. ಯಾವ ಬ್ಯಾಚ್ ನೀ?

ಹಾವೇರಿ ಹೈದ: ಬ್ಯಾಚ್ ಯಾಕ ಕೇಳ್ತಿ? ನಾ ಅದ ಸೂಪರ್‌ಕಂಡಕ್ಟರ್ ವಿಷಯದ ಮ್ಯಾಲ ಕನ್ನಡದಾಗ ಸೆಮಿನಾರ್ ಕೊಟ್ಟಾಂವ. 1911ರಾಗ ವಿಜ್ಞಾನಿ ಓನ್ಸ್ ಪಾದರಸ ತಂಪು ಮಾಡಿ, 4.2 ಕೆಲ್ವಿನ್ ಹತ್ರ ರೋಧ ಮಾಯಾದದ್ದು ಕಂಡದ್ದರಿಂದ ಹಿಡದು ಎಲ್ಲಾ ಹೇಳಿದೆ. ಹಿಂದಿನ ಬೆಂಚಿನವ್ರು ಮೊದಲ ಸಲ ಪ್ರಶ್ನೆ ಕೇಳಿದ್ರು. ಆದ್ರೂ ಎರಡು ಮಾರ್ಕ್ಸ್ ಕಡಿಮಿ.

ಗದಗ ಮೇಡಂ: ಕನ್ನಡಕ್ಕಲ್ಲ, ಟೈಮ್ ಮೀರಿದ್ದಕ್ಕ ಕಟ್ ಆಗಿರಬೇಕು.

ಹಾವೇರಿ ಹೈದ: 9 ನಿಮಿಷದಾಗ ಮುಗಿಸೀನಿ! ಗಿರಮಿಟ್ ಮೊದಲ ಕಲಸಿಟ್ಟವ್ರು ಟೈಮಿನ ಮಾತು ಆಡಬಾರ್ದು. ಒಗ್ಗರಣಿ ಬ್ಯಾರೆ, ಚುರಮರಿ ಬ್ಯಾರೆ ಇಟ್ಟು ಬಡಸೂ ಹೊತ್ತಿಗೆ ಕಲಸೂದು, ನಮ್ಮ ಕಡೆ ಸಣ್ಣ ಹುಡುಗ್ರಿಗೂ ಗೊತ್ತು.

ಗದಗ ಮೇಡಂ: ನಿಮ್ಮ ಕಡೆ ಪುಠಾಣಿ ಹಿಟ್ಟು ಹಾಕೂದಿಲ್ಲ, ಅದೂ ಒಂದು ಗಿರಮಿಟ್ಟೇ?

ಧಾರವಾಡ ಎಂಎಸ್ಸಿ: ಆತ್ರಿ, ಪಟ್ಟಿ 350 ಮಾಡಿದ್ವಿ. ಸೆಮಿನಾರ್ ಗುರುವಾರ, ಸೆಂಡ್‌ಆಫ್ ಶುಕ್ರವಾರ. ಡಿಜೆ ಇಲ್ಲ.

ಫ್ರಿಂಜ್ ಎಣಿಸಿದಾಂವ: ಶುಕ್ರವಾರ ಅಂದ್ರ ಶಾಮಿಯಾನದಾಂವ ಗುರುವಾರನ ಬಂದು ಗೂಟ ಬಡಿಯಾಕ ಹತ್ತಾನ. ಮೊದಲ ಕೇಳಕೋರಿ.