ಚಾರ್ಜ್ ಇರೋ ಗೋಲಗಳ ಡಿಕ್ಕಿ ಲೆಕ್ಕ: ನೀವು ಹೇಗೆ ಕಲಿತಿರಿ?

ಕೇಳಿದವರು, ಸೆಕೆಂಡ್ ಪಿಯುಸಿ ವಿದ್ಯಾರ್ಥಿ:
ಸಿಇಟಿಗೆ ಓದ್ತಿದ್ದೇನೆ. ಕೂಲಂ ನಿಯಮ (ಚಾರ್ಜ್‌ಗಳ ನಡುವಿನ ಬಲದ ಸೂತ್ರ) ಬಾಯಿಪಾಠ, ಮೊಮೆಂಟಮ್ (ಮಾಸ್ ಇಂಟು ವೇಗ) ಲೆಕ್ಕವೂ ಬರುತ್ತೆ. ಎರಡೂ ಒಂದೇ ಪ್ರಶ್ನೆಯಲ್ಲಿ ಬಂದರೆ ಮಾತ್ರ ಎಲ್ಲಿಂದ ಶುರು ಮಾಡಬೇಕೋ ತಿಳಿಯಲ್ಲ. ಅನುಭವ ಇರೋರು ದಯವಿಟ್ಟು ಹೇಳಿ.

ಇಂಜಿನಿಯರಿಂಗ್ ಎರಡನೇ ವರ್ಷದವಳು:
ನಾನೂ ಇಲ್ಲೇ ಒದ್ದಾಡಿದ್ದೆ ತಮ್ಮ. ಫೋರ್ಸ್ ಕಂಡುಹಿಡಿದು, ಮಾಸ್‌ನಿಂದ ಭಾಗಿಸಿ, ‘ವಿ ಸ್ಕ್ವೇರ್ ಈಕ್ವಲ್ಸ್ ಯು ಸ್ಕ್ವೇರ್ ಪ್ಲಸ್ ಟು ಎ ಎಸ್’ ಹಾಕಿಬಿಡ್ತಿದ್ದೆ. ಗೋಲಗಳು ದೂರ ಸರಿದಂತೆ ಫೋರ್ಸ್ ಕಡಿಮೆಯಾಗುತ್ತೆ, ಹಾಗಾಗಿ ಫೋರ್ಸ್ ಬದಲಾಗದೆ ಇದ್ದಾಗ ಮಾತ್ರ ಹೊಂದೋ ಆ ಸೂತ್ರ ಇಲ್ಲಿ ನಡೆಯೋದೇ ಇಲ್ಲ. ಎನರ್ಜಿಯಿಂದ ಶುರು ಮಾಡು.

ತಲಾ 10 ಗ್ರಾಂ, 1 ಮೈಕ್ರೊಕೂಲಂ ಚಾರ್ಜ್ ಇರೋ ಎರಡು ಪುಟ್ಟ ಗೋಲಗಳನ್ನು 10 ಸೆಂ.ಮೀ. ಅಂತರದಲ್ಲಿ ಹಿಡಿದು ಬಿಟ್ಟರು ಅಂದ್ಕೋ. ಪೊಟೆನ್ಷಿಯಲ್ ಎನರ್ಜಿ 0.09 ಜೌಲ್, ಬಿಟ್ಟ ಮೇಲೆ ಅದು ಎರಡಕ್ಕೂ ಸಮನಾಗಿ ಹಂಚಿ ಚಲನಶಕ್ತಿಯಾಗುತ್ತೆ. ತುಂಬಾ ದೂರ ಹೋದ ಮೇಲೆ ಒಂದೊಂದರ ವೇಗ ಸೆಕೆಂಡಿಗೆ 3 ಮೀಟರ್. ನಾನು 4.24 ಬರೆದಿದ್ದೆ, ಇದ್ದ ಎನರ್ಜಿಯನ್ನೆಲ್ಲ ಒಂದೇ ಗೋಲಕ್ಕೆ ಕೊಟ್ಟು!

ಪಿಯು ಉಪನ್ಯಾಸಕರು:
ಮೇಲಿನ ಲೆಕ್ಕವನ್ನೇ ತಿರುಗಿಸಿ ನೋಡಿ. ಒಂದು ಗೋಲ ಸುಮ್ಮನೆ ನಿಂತಿದೆ, ಇನ್ನೊಂದು ಬಹು ದೂರದಿಂದ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ನೇರವಾಗಿ ಅದರತ್ತ ಬರುತ್ತಿದೆ. ಎಷ್ಟು ಹತ್ತಿರ ಬಂದೀತು? ಮಕ್ಕಳು ಹೆಚ್ಚಾಗಿ ತಪ್ಪುವುದು ಈ ಪ್ರಶ್ನೆಯಲ್ಲಿ. ಅತಿ ಹತ್ತಿರ ಬಂದಾಗ ಎರಡೂ ನಿಂತುಬಿಡುತ್ತವೆ ಎಂದುಕೊಳ್ಳುತ್ತಾರೆ. ನಿಂತರೆ ಮೊಮೆಂಟಮ್ ಎಲ್ಲಿ ಹೋಯಿತು? ಆ ಕ್ಷಣ ಎರಡೂ ಒಂದೇ ವೇಗದಲ್ಲಿ, 3 ಮೀಟರಿನಲ್ಲಿ, ಜೊತೆಯಾಗಿ ಸಾಗುತ್ತಿರುತ್ತವೆ. 0.18 ಜೌಲ್ ಚಲನಶಕ್ತಿಯಲ್ಲಿ ಅರ್ಧ ಹಾಗೇ ಉಳಿಯುತ್ತದೆ, ಉಳಿದರ್ಧ ಪೊಟೆನ್ಷಿಯಲ್ ಆಗುತ್ತದೆ. ಉತ್ತರ 10 ಸೆಂ.ಮೀ. ಎರಡನೇ ಗೋಲವನ್ನು ಅಲುಗದಂತೆ ಬಿಗಿದಿದ್ದರೆ 5 ಸೆಂ.ಮೀ. ಆದ್ದರಿಂದ ಪ್ರಶ್ನೆ ಓದುವಾಗ ‘ಬಿಗಿದಿದೆ’ ಅಥವಾ ‘ಮುಕ್ತವಾಗಿದೆ’ ಎಂಬ ಪದದ ಕೆಳಗೆ ಮೊದಲು ಗೆರೆ ಎಳೆಯಿರಿ.

ಒಂದನ್ನು ಮಾತ್ರ 20 ಗ್ರಾಂ ಮಾಡಿ, ಮೊದಲ ಲೆಕ್ಕವನ್ನು ಮತ್ತೆ ಬಿಡಿಸಿ ನೋಡಿ.

ಮನೆಪಾಠ ಹೇಳುವವರು:
ಗೋಲಗಳು ಮುಟ್ಟುವ ಲೆಕ್ಕದಲ್ಲಿ ಚಿಹ್ನೆ ಮರೆಯಬೇಡಿ. ಒಂದೇ ಅಳತೆಯ ಲೋಹದ ಗೋಲಗಳಲ್ಲಿ +4 ಮತ್ತು −2 ಮೈಕ್ರೊಕೂಲಂ ಇದ್ದರೆ, ಮುಟ್ಟಿದ ಮೇಲೆ ತಲಾ +1. ಮೊದಲಿನ ಅಂತರಕ್ಕೇ ತಂದರೆ ಆಕರ್ಷಣೆ ಇದ್ದದ್ದು ವಿಕರ್ಷಣೆ ಆಗಿರುತ್ತೆ, ಬಲ ಎಂಟನೇ ಒಂದು ಪಾಲಿಗೆ ಇಳಿದಿರುತ್ತೆ. ಎನ್‌ಸಿಇಆರ್‌ಟಿಯ ಹಳೆಯ ಪಠ್ಯಪುಸ್ತಕದಲ್ಲಿ ಮೂರನೇ ಗೋಲ ತಂದು ಮುಟ್ಟಿಸುವ ಲೆಕ್ಕವಿತ್ತಲ್ಲ, ಅದನ್ನು ಪ್ರತಿ ಹಂತಕ್ಕೂ ಚಿತ್ರ ಬರೆದುಕೊಂಡೇ ಮಾಡಿ.

ಕೇಳಿದವರು:
ಸರ್, 20 ಗ್ರಾಂದು ಮಾಡಿದೆ. ಹಗುರದ್ದಕ್ಕೆ 3.46, ಭಾರದ್ದಕ್ಕೆ 1.73 ಬಂತು. ಸರಿನಾ?

ಪಿಯು ಉಪನ್ಯಾಸಕರು:
ಸರಿಯಾಗಿದೆ. ಯಾವುದಕ್ಕೆ ಎಷ್ಟು ಎನರ್ಜಿ ಹೋಯಿತು ಅಂತಲೂ ನೋಡಿ: ಹಗುರದ್ದಕ್ಕೆ 0.06, ಭಾರದ್ದಕ್ಕೆ 0.03.