ಕಪ್ಪು ಕಾರು, ಬೋರ್ ನೀರು, ಬಿಳಿ ಚುಕ್ಕೆ: ಅನುಭವ ಇದ್ದವರು ಹೇಳಿ

ಪ್ರಶ್ನೆ, ಯಲಹಂಕದಿಂದ:

ಆರು ತಿಂಗಳ ಹಿಂದೆ ಕಪ್ಪು ಕಾರು ತಗೊಂಡೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ತೊಳೆಯುವ ಹುಡುಗ ಬೆಳಗ್ಗೆ ನೀರು ಎರಚಿ, ಬಟ್ಟೆ ಆಡಿಸಿ, ಹಸಿಯಾಗಿಯೇ ಬಿಟ್ಟು ಹೋಗುತ್ತಾನೆ. ಈಗ ಬಾನೆಟ್ ತುಂಬಾ ಬಿಳಿ ಚುಕ್ಕೆ. ಶಾಂಪೂ ಹಾಕಿ ಎರಡು ಸಲ ತೊಳೆದೆ, ಹೋಗಲಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್‌ಗೆ ನೀರು ಬೆರೆಸಿ ಹಚ್ಚಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಹಚ್ಚಬಹುದಾ?

ಕೋಲಾರದಿಂದ:

ಆ ಆಸಿಡ್ ಮುಟ್ಟಬೇಡಿ ಸರ್. ನಾನು ಹಚ್ಚಿ ಕೆಟ್ಟವನು. ಚುಕ್ಕೆ ಹೋಯಿತು ನಿಜ, ಜೊತೆಗೆ ಗ್ರಿಲ್ ಮೇಲಿನ ಕ್ರೋಮ್ ಹೊಳಪೂ ಹೋಯಿತು. ಅದು ಇವತ್ತಿಗೂ ಮಂಕಾಗಿಯೇ ಇದೆ.

ನಮ್ಮ ಬೋರ್ 1,200 ಅಡಿ. ಆ ನೀರಲ್ಲಿ ತೊಗರಿಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕೂರುತ್ತದೆ. ಕಾರಿನ ಮೇಲೆ ಕೂತಿರುವುದೂ ಅದೇ. ನೀರು ಆರಿ ಹೋಗುತ್ತದೆ, ಅದರಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಉಳಿಯುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆಯುತ್ತದೆ ಅನ್ನುವುದು ಭಾರತೀಯ ಮಾನಕ. ನಮ್ಮದು ಪರೀಕ್ಷೆ ಮಾಡಿಸಿದಾಗ 640 ಬಂತು.

ಶಾಂಪೂ ಎಣ್ಣೆ, ಧೂಳು ಬಿಡಿಸುತ್ತದೆ, ಸುಣ್ಣದಂಥ ಈ ಪೊರೆಯನ್ನಲ್ಲ. ಅದಕ್ಕೆ ಹುಳಿ ಬೇಕು. ಅಂಗಡಿಯಲ್ಲಿ ಸಿಗುವ ಬಿಳಿ ವಿನೆಗರ್ ಸಾಕು. ಅಷ್ಟೇ ನೀರು ಬೆರೆಸಿ. ಕಾರು ನೆರಳಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ, ಧೂಳು ಮೊದಲೇ ತೊಳೆದಿರಲಿ. ಎದ್ದು ಕಾಣದ ಒಂದು ಮೂಲೆಯಲ್ಲಿ ಮೊದಲು ನೋಡಿಕೊಳ್ಳಿ. ಆಮೇಲೆ ಮೆತ್ತಗಿನ ಬಟ್ಟೆ ಅದ್ದಿ ಚುಕ್ಕೆ ಮೇಲೆ ಒಂದು ನಿಮಿಷ ಹಾಸಿ ಬಿಡಿ. ಉಜ್ಜಬೇಡಿ. ಬಟ್ಟೆ ತೆಗೆದಾಗ ರಾಗಿ ಕಾಳಿನಷ್ಟು ಬಿಳಿ ಉಂಗುರ ಅಂಚಿನಿಂದ ಕರಗಿರುವುದು ಕಾಣುತ್ತದೆ. ಒಣಗಲು ಬಿಡದೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ, ಕೂಡಲೇ ಒರೆಸಿ. ಹಳೇ ವ್ಯಾಕ್ಸ್ ಕೂಡ ಇದರಿಂದ ಸ್ವಲ್ಪ ಹೋಗುತ್ತದೆ, ಹಾಗಾಗಿ ವ್ಯಾಕ್ಸ್ ಮತ್ತೆ ಹಚ್ಚಬೇಕು.

ಮತ್ತೆ ಬಾರದಂತೆ ಮಾಡುವುದೇ ಮುಖ್ಯ. ನೀರು ಎಂಥದ್ದೇ ಇರಲಿ, ತಾನಾಗಿ ಆರಲು ಬಿಟ್ಟರೆ ಮಾತ್ರ ಕಲೆ. ನಾನು ರೂಫ್ ತೊಳೆದರೆ ರೂಫ್ ಒರೆಸಿಯೇ ಬಾನೆಟ್‌ಗೆ ಇಳಿಯುತ್ತೇನೆ. ದೊಡ್ಡ ಮೈಕ್ರೋಫೈಬರ್ ಟವೆಲ್ ಎರಡು ಇಟ್ಟುಕೊಳ್ಳಿ, ಒಂದು ಒದ್ದೆಯಾದರೆ ಇನ್ನೊಂದು. ಕನ್ನಡಿಯ ಸಂದಿ, ಬಾಗಿಲ ಹಿಡಿಕೆ, ನಂಬರ್ ಪ್ಲೇಟ್ ಹಿಂದೆ ನೀರು ಅಡಗಿರುತ್ತದೆ. ಕಾರು ಹೊರಟ ಮೇಲೆ ಅಲ್ಲಿಂದ ಸೋರಿ ಗೆರೆ ಬೀಳುತ್ತದೆ. ನಾನು ಪಾರ್ಕಿಂಗಿನಲ್ಲೇ ಹತ್ತು ಅಡಿ ಓಡಿಸಿ, ಬ್ರೇಕ್ ಒತ್ತಿ, ಇಳಿದು ಇನ್ನೊಂದು ಸಲ ಒರೆಸುತ್ತೇನೆ.

ಬಳ್ಳಾರಿಯಿಂದ:

ಬಹಳ ಜನ ಮಾಡುವ ತಪ್ಪು ಒಂದು ಹೇಳಲೇಬೇಕು. ಆರ್‌ಒ ಮಷಿನ್ನಿನ ವೇಸ್ಟ್ ನೀರನ್ನು ಬಕೆಟ್‌ನಲ್ಲಿ ಹಿಡಿದು ಕಾರಿಗೆ ಹಾಕುತ್ತಾರೆ. ನೀರು ಉಳಿಸುವ ಮನಸ್ಸು ಒಳ್ಳೆಯದೇ, ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಅದು ನೆಲ ಒರೆಸಲಿಕ್ಕೆ ಇರಲಿ.

ಸಾಫ್ಟ್‌ನರ್ (ನೀರಿನ ಗಡಸುತನ ಇಳಿಸುವ ಯಂತ್ರ) ಹಾಕಿಸಿದರೆ ಚುಕ್ಕೆಯೇ ಬರಲ್ಲ ಅನ್ನುವುದೂ ಸರಿಯಲ್ಲ. ಅದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುತ್ತದೆ, ಟಿಡಿಎಸ್, ಅಂದರೆ ನೀರಲ್ಲಿ ಕರಗಿರುವ ಒಟ್ಟು ಲವಣ, ಇಳಿಯುವುದಿಲ್ಲ. ಕಲೆ ಬಂದರೂ ಸುಲಭವಾಗಿ ತೊಳೆದು ಹೋಗುತ್ತದೆ, ಅಷ್ಟೇ ಲಾಭ.

ಬೆಂಗಳೂರು, ಜಯನಗರದಿಂದ:

2024ರ ಮಾರ್ಚಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ, ಆವಾಗಿನಿಂದ ನಾನು ಎಸಿ ಪೈಪಿನ ನೀರು ಹಿಡಿದಿಡುತ್ತೇನೆ. ಗಾಳಿಯ ತೇವ ತಣಿದು ಬಂದ ನೀರು, ಲವಣ ಇಲ್ಲವೇ ಇಲ್ಲ ಅನ್ನಬಹುದು. ಮಳೆಗಾಲದಲ್ಲಿ ಡ್ರಮ್‌ನಲ್ಲಿ ಹಿಡಿದ ಮಳೆ ನೀರು. ಬಟ್ಟೆಯಲ್ಲಿ ಸೋಸಿಕೊಳ್ಳಿ. ಮೊದಲು ಬೋರ್ ನೀರಲ್ಲಿ ತೊಳೆದು, ಕೊನೆಗೆ ಐದು ಲೀಟರ್ ಇದನ್ನು ಮೇಲಿನಿಂದ ನಿಧಾನವಾಗಿ ಸುರಿದರೆ ಸಾಕು.

ಮೈಸೂರಿನಿಂದ, ಪಾಲಿಶ್ ಕೆಲಸ ಮಾಡುವವರು:

ವಿನೆಗರ್‌ಗೂ ಬಗ್ಗದ ಚುಕ್ಕೆ ಇದ್ದರೆ ರಾತ್ರಿ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಬಿಳಿ ಹೋಗಿ ಸಣ್ಣ ತಗ್ಗು ಮಾತ್ರ ಉಳಿದಿದ್ದರೆ ಅದು ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್‌ಕೋಟ್‌ಗೇ ಇಳಿದಿದೆ ಅಂತ ಅರ್ಥ. ಬಿಸಿಲಲ್ಲಿ ನಿಲ್ಲುವ ಕಪ್ಪು ಕಾರಿಗೆ ಇದು ಜಾಸ್ತಿ. ಆಗ ಪಾಲಿಶ್ ಒಂದೇ ದಾರಿ. ಆದರೆ ಪಾಲಿಶ್ ಅಂದರೆ ಕ್ಲಿಯರ್‌ಕೋಟ್ ತೆಳುವಾಗಿ ಸವೆಸುವುದು, ಆ ಪದರ ಮತ್ತೆ ಬೆಳೆಯಲ್ಲ. ವರ್ಷ ವರ್ಷ ಮಾಡಿಸಬೇಡಿ. ಸೆರಾಮಿಕ್ ಕೋಟಿಂಗ್ (ಕ್ಲಿಯರ್‌ಕೋಟ್ ಮೇಲೆ ಹಚ್ಚಿಸುವ ರಕ್ಷಣೆಯ ಪದರ) ಇದ್ದರೂ ಹನಿ ನಿಂತು ಆರಿದರೆ ಕಲೆ ಕೂರುತ್ತದೆ. ಪೆಟ್ಟು ಮೊದಲು ಕೋಟಿಂಗ್‌ಗೆ ಬೀಳುತ್ತದೆ ಅನ್ನುವುದೇ ಅದರ ಉಪಯೋಗ.

ಮತ್ತೆ ಯಲಹಂಕದಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಬೇಸ್‌ಮೆಂಟಿನಲ್ಲಿ ನಿಲ್ಲಿಸಿ ವಿನೆಗರ್ ಹಾಸಿದೆ. ಬಾನೆಟ್ ಪೂರ್ತಿ ಹೋಯಿತು. ಎಡಗಡೆ ಬಾಗಿಲ ಕೆಳಗೆ ಆರೇಳು ಉಳಿದಿವೆ, ಟಾರ್ಚ್ ಹಿಡಿದರೆ ತಗ್ಗು ಕಾಣುತ್ತದೆ. ಆ ಬದಿಯಲ್ಲೇ ಲಾನ್‌ನ ಸ್ಪ್ರಿಂಕ್ಲರ್ ಇರುವುದು ಈಗ ಗಮನಕ್ಕೆ ಬಂತು, ಅದೂ ಬೋರ್ ನೀರೇ. ಪಾರ್ಕಿಂಗ್ ಜಾಗ ಬದಲಿಸಿಕೊಡಿ ಅಂತ ಕೇಳಿದ್ದೇನೆ. ತೊಳೆಯುವ ಹುಡುಗನಿಗೆ ಎರಡು ಟವೆಲ್ ಕೊಟ್ಟು, ತಿಂಗಳಿಗೆ ಇನ್ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ, ದಿನಾ ತೊಳೆಯುವುದು ಬೇಡ, ವಾರಕ್ಕೆ ಎರಡೇ ಸಲ, ಆದರೆ ಒಣಗಿಸಿ ಹೋಗಪ್ಪ ಅಂದೆ. ಒಪ್ಪಿದ್ದಾನೆ.