ಪದಚರ್ಚೆ: ರಾಜ ಮೊಟ್ಟೆ ಇಟ್ಟನೋ, ಇಟ್ಟಳೋ, ಇಟ್ಟಿತೋ?

ಬಳಗದ ಎಲ್ಲರಿಗೂ ನಮಸ್ಕಾರ.

ಸಾಕುಹಕ್ಕಿಗಳಿಗೆ ಇಡುವ ಹೆಸರಿನ ಬಗ್ಗೆ ಒಂದು ಪ್ರಶ್ನೆ ಇದೆ. ಹಾಸನದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಒಂದು ಜೋಡಿ ಲವ್ ಬರ್ಡ್ಸ್ ಇವೆ. ಅಂಗಡಿಯವರು ಗಂಡು ಒಂದು, ಹೆಣ್ಣು ಒಂದು ಅಂತ ಹೇಳಿ ಕೊಟ್ಟಿದ್ದರು. ಹಸಿರು ಹಕ್ಕಿಗೆ ರಾಜ, ನೀಲಿಯದಕ್ಕೆ ರಾಣಿ ಅಂತ ಹೆಸರಾಯಿತು. ಕೆಲವು ತಿಂಗಳು ಕಳೆದ ಮೇಲೆ ಪಂಜರದೊಳಗಿನ ಮಡಕೆಯಲ್ಲಿ ಮೊಟ್ಟೆ ಕಾಣಿಸಿತು. ಇಟ್ಟದ್ದು ರಾಜ.

ಅಕ್ಕನ ಮಗ ಕೂಗಿದ: "ಅಮ್ಮಾ, ರಾಜ ಮೊಟ್ಟೆ ಇಟ್ಟಿದ್ದಾನೆ!" ಭಾವ ನಕ್ಕು, "ಇಟ್ಟಿದ್ದಾಳೆ ಅನ್ನೋ" ಅಂದರು. ಅಕ್ಕನ ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ಅವರು ತಲೆ ಎತ್ತದೆ, "ಹಕ್ಕಿ ಕಣ್ರೋ ಅದು. ಇಟ್ಟೈತೆ ಅನ್ನಿ" ಅಂದರು.

ಮೂವರದೂ ಕನ್ನಡವೇ. ಯಾರದು ಸರಿ?

ವ್ಯಾಕರಣದ ಪುಸ್ತಕ ತೆಗೆದರೆ ಅತ್ತೆಯವರದೇ ಗೆಲುವು. 13ನೇ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಹಿಡಿದು ಶಾಲೆಯ ಪಠ್ಯದವರೆಗೆ ಒಂದೇ ಪಾಠ. ಗಂಡಸರು ಪುಲ್ಲಿಂಗ, ಹೆಂಗಸರು ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕಲಿಂಗ. ಕೋಣ ಎಷ್ಟೇ ಗಂಡಾಗಿದ್ದರೂ 'ಕೋಣ ಬಂತು'. ಹುಂಜ ಕೂಗಿತು, ಹೇಂಟೆಯೂ ಕೂಗಿತು. ಹಿಂದಿಯವರಿಗೆ ಈ ಅನುಕೂಲ ಇಲ್ಲ. ಅಲ್ಲಿ ತೋತಾ ಯಾವಾಗಲೂ ಗಂಡು, ಮೈನಾ ಯಾವಾಗಲೂ ಹೆಣ್ಣು. ನಮ್ಮಲ್ಲಿ ಹಕ್ಕಿಯ ಮೈ ನೋಡಿ ಲಿಂಗ ತೀರ್ಮಾನ ಆಗುವುದೇ ಇಲ್ಲ.

ಆದರೆ ಹೆಸರು ಇಟ್ಟ ಕೂಡಲೇ ಏನೋ ಬದಲಾಗುತ್ತದೆ. ಇದು ಹಕ್ಕಿಗೆ ಮಾತ್ರ ಅಂದುಕೊಳ್ಳಬೇಡಿ. ಮಗುವನ್ನೇ ನೋಡಿ. 'ಮಗು ಅಳ್ತಾ ಇದೆ', 'ಕೂಸು ಮಲಗಿದೆ' ಅನ್ನುತ್ತೇವೆ. ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹೆಸರು ಹೇಳಿ, ಅದಕ್ಕೆ ಸುಮಾ ಅಂತ ಇಟ್ಟರೆ, 'ಸುಮಾ ಅಳ್ತಾ ಇದ್ದಾಳೆ'. ಮನುಷ್ಯರ ಮಗುವೇ ಹೆಸರು ಸಿಗುವವರೆಗೆ ನಪುಂಸಕಲಿಂಗದಲ್ಲಿ ಕಾಯುತ್ತಿರುತ್ತದೆ. ಹಾಗಾದರೆ ಹಕ್ಕಿಗೂ ನಾಮಕರಣ ಆದ ಮೇಲೆ ಅದೇ ಹಕ್ಕು ಇರಬೇಕಲ್ವಾ? ಅಕ್ಕನ ಮಗನ ವಾದ ಇದೇ. ಅವನಿಗೆ ವ್ಯಾಕರಣ ಗೊತ್ತಿಲ್ಲ, ಆದರೆ ಮಾತು ಗೊತ್ತು.

ಹೀಗೆ ಯೋಚಿಸುತ್ತಾ ನೆಂಟರ ಮನೆ, ಗೆಳೆಯರ ಮನೆಗಳಲ್ಲಿ ಹಕ್ಕಿ ಸಾಕಿದವರ ಮಾತಿಗೆ ಕಿವಿ ಕೊಟ್ಟೆ. ನನಗೆ ಕಂಡದ್ದು ಇದು: ಹೆಸರು ಇಟ್ಟರೂ ಹಕ್ಕಿ ಪೂರ್ತಿಯಾಗಿ ಮನುಷ್ಯರ ಸಾಲಿಗೆ ಬರುವುದಿಲ್ಲ. ಅರ್ಧ ಬರುತ್ತದೆ.

ವಿಭಕ್ತಿಯ ವಿಷಯದಲ್ಲಿ ಗೊಂದಲವೇ ಇಲ್ಲ. 'ಪಾರಿವಾಳಕ್ಕೆ ಕಾಳು ಹಾಕು' ಅನ್ನುತ್ತೇವೆ. ಆದರೆ ಆ ಪಾರಿವಾಳದ ಹೆಸರು ರಾಜ ಆದರೆ 'ರಾಜನಿಗೆ ಕಾಳು ಹಾಕು'. 'ರಾಜಕ್ಕೆ' ಅಂತ ಯಾರೂ ಅನ್ನುವುದಿಲ್ಲ. 'ಇಟ್ಟೈತೆ ಅನ್ನಿ' ಅಂದ ಅತ್ತೆಯವರೇ ಸಂಜೆ 'ರಾಜನ ಬಟ್ಟಲು ಖಾಲಿ ಆಗೈತೆ ನೋಡು' ಅಂದರು. 'ರಾಜದ ಬಟ್ಟಲು' ಅನ್ನಲಿಲ್ಲ. ಅಂದರೆ ನಾಮಪದ ಮನುಷ್ಯರ ಕಡೆ ಹೋಗಿಬಿಟ್ಟಿದೆ, ಕ್ರಿಯಾಪದ ಮಾತ್ರ ಹೊಸ್ತಿಲಲ್ಲಿ ನಿಂತಿದೆ.

ಲೆಕ್ಕಕ್ಕೆ ಬಂದರೆ ಎಲ್ಲರೂ ವಾಪಸ್ಸು. ರಾಜ ಬಂದ, ರಾಣಿ ಬಂದಳು ಅನ್ನುವವರೂ 'ಎರಡೂ ಮಲಗಿವೆ' ಅಂತಾರೆ. 'ಇಬ್ಬರೂ ಮಲಗಿದ್ದಾರೆ' ಅನ್ನುವುದು ಬಹಳ ಕಡಿಮೆ. ಅಂದವರ ಮುಖದಲ್ಲಿ ಒಂದು ತಮಾಷೆಯ ನಗು ಇದ್ದೇ ಇರುತ್ತದೆ. ಒಂದೊಂದಾಗಿ ನೋಡಿದಾಗ ಮನುಷ್ಯರು, ಜೊತೆಯಾಗಿ ನೋಡಿದಾಗ ಹಕ್ಕಿಗಳು. ಇದು ನನಗೆ ತುಂಬಾ ಕುತೂಹಲದ ವಿಷಯ ಅನ್ನಿಸಿತು. ಯಾಕೆಂದರೆ ಇಬ್ಬರು, ಮೂವರು ಅನ್ನುವ ಎಣಿಕೆಯ ಪದಗಳಲ್ಲಿ ಕನ್ನಡ ಮನುಷ್ಯರಿಗೂ ಉಳಿದವಕ್ಕೂ ಗೆರೆ ಎಳೆದಿಟ್ಟಿದೆ. ಹೆಸರಿನ ಪ್ರೀತಿ ಆ ಗೆರೆಯನ್ನು ದಾಟಿಸುವುದಿಲ್ಲ.

ಹಕ್ಕಿಯ ಜೊತೆ ನೇರವಾಗಿ ಮಾತಾಡುವಾಗ ಮಾತ್ರ ಯಾವ ಗೆರೆಯೂ ಇಲ್ಲ. 'ಯಾರಿಗೆ ಸಾಮೆ ಬೇಕು? ಯಾರು ನೀರೆಲ್ಲ ಚೆಲ್ಲಿದ್ದು?' ಅಂತಲೇ ಕೇಳುತ್ತಾರೆ. 'ಯಾವುದಕ್ಕೆ ಬೇಕು' ಅಂತ ಯಾರೂ ಪಂಜರದ ಮುಂದೆ ನಿಂತು ಕೇಳಿದ್ದು ನಾನು ಕಾಣೆ.

ಈಗ ಹೆಸರು ಆರಿಸುವ ವಿಷಯ. ಇಲ್ಲಿ ಕನ್ನಡ ಒಂದು ಚೆಂದದ ದಾರಿ ಬಿಟ್ಟುಕೊಟ್ಟಿದೆ. ಪುಟ್ಟ, ಪುಟ್ಟಿ, ಪುಟ್ಟು. ಚಿನ್ನ, ಚಿನ್ನಿ, ಚಿನ್ನು. ಗುಂಡ, ಗುಂಡಿ, ಗುಂಡು. ಅಕಾರ ಬಂದರೆ ಸಾಮಾನ್ಯವಾಗಿ ಗಂಡು, ಇಕಾರ ಬಂದರೆ ಹೆಣ್ಣು, ಉಕಾರ ಬಂದರೆ ಯಾರಿಗಾದರೂ ಆದೀತು. ಸಾಕುಹಕ್ಕಿಗಳ ಹೆಸರುಗಳನ್ನು ನೆನಪಿಸಿಕೊಳ್ಳಿ. ಚಿಕ್ಕು, ಮಿಟ್ಟು, ಚಿನ್ನು, ಪಿಂಟು, ಚಿಂಟು. ಉಕಾರವೇ ಜಾಸ್ತಿ. ಈಚೆಗೆ ಬಂದ ಕೊಕೊ, ಕಿವಿ, ಮ್ಯಾಂಗೊ ಕೂಡ ಹಾಗೇ, ಗಂಡೂ ಅಲ್ಲ, ಹೆಣ್ಣೂ ಅಲ್ಲ. (ಕಿವಿ ಅಂತ ಹಕ್ಕಿಗೆ ಹೆಸರಿಟ್ಟ ಮನೆಯಲ್ಲಿ 'ಕಿವಿಗೆ ನೀರು ಹಾಕು' ಅಂತ ಕೇಳಿ ನಾನು ಒಂದು ಕ್ಷಣ ಗಾಬರಿಯಾಗಿದ್ದೆ.)

ಇದು ಸುಮ್ನೆ ಆದದ್ದಲ್ಲ ಅಂತ ನನ್ನ ಊಹೆ. ನಾವು ಲವ್ ಬರ್ಡ್ಸ್ ಅನ್ನುವ ಹಕ್ಕಿ ನಿಜವಾಗಿ ಆಸ್ಟ್ರೇಲಿಯಾದ ಬಜರಿಗರ್. ಬಜ್ಜಿ ಅಂತಲೂ ಕರೆಯುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಅದೇ ಬೇರೆ. ಬಜರಿಗರ್‌ನಲ್ಲಿ ಗಂಡು ಹೆಣ್ಣು ಗುರುತಿಸುವುದು ಕೊಕ್ಕಿನ ಮೇಲೆ, ಮೂಗಿನ ಹೊಳ್ಳೆ ಇರುವ ಮೆತ್ತನೆ ಭಾಗ ನೋಡಿ. ಬೆಳೆದ ಗಂಡಿಗೆ ಅದು ನೀಲಿ, ಹೆಣ್ಣಿಗೆ ಕಂದು. ಮರಿಗಳಲ್ಲಿ ಎರಡಕ್ಕೂ ನಸುಗೆಂಪು ನೇರಳೆ. ಬಿಳಿ, ಹಳದಿಯ ಕೆಲವು ತಳಿಗಳಲ್ಲಿ ಬೆಳೆದ ಗಂಡಿಗೂ ನೀಲಿ ಬರುವುದಿಲ್ಲ. ಜನ ತರುವುದು ಮರಿಯನ್ನೇ. ಅಂದ ಮೇಲೆ ರಾಜ, ರಾಣಿ ಅಂತ ಆತುರಪಟ್ಟವರಿಗೆ ಮುಂದೆ ಮೊಟ್ಟೆಯೇ ಉತ್ತರ ಹೇಳಬೇಕು. ಚಿನ್ನು ಅಂತ ಇಟ್ಟವರು ಪಾರು.

ಅಂದ ಹಾಗೆ 'ಲವ್ ಬರ್ಡ್ಸ್' ಪದವೂ ನಮ್ಮಲ್ಲಿ ಏಕವಚನ ಆಗಿಬಿಟ್ಟಿದೆ. 'ಒಂದು ಲವ್ ಬರ್ಡ್ಸ್ ಹಾರಿಹೋಯ್ತು' ಅನ್ನುವುದೇ ರೂಢಿ. ಜೋಡಿಯಾಗಿಯೇ ಮಾರುವ ಹಕ್ಕಿಗೆ ಒಂಟಿ ಪದ ಯಾಕೆ ಬೇಕು ಅಂತ ಭಾಷೆ ತೀರ್ಮಾನಿಸಿದೆಯೋ ಏನೋ. ಒಂದು ಮನೆಯಲ್ಲಿ ಎರಡಕ್ಕೆ ಲವ, ಕುಶ ಅಂತ ಇಟ್ಟಿದ್ದಾರೆ. ಲವ್ ಬರ್ಡ್ಸ್‌ನಿಂದಲೇ ಲವ ಬಂದ, ಹಿಂದೆಯೇ ಕುಶನೂ ಬಂದ.

ಇದಕ್ಕೂ ಹಿಂದಿನ ಕಾಲದ ಹೆಸರು ರಾಮ. ಮನೆಯಲ್ಲಿ ಗಿಣಿ ಇದ್ದರೆ ಅದು ರಾಮನೇ. ಒಂದು ಸತ್ತು ಇನ್ನೊಂದು ಬಂದರೂ ಅದೂ ರಾಮನೇ ಅಂತ ಹಿರಿಯರು ಹೇಳುವುದನ್ನು ಕೇಳಿದ್ದೇನೆ. 'ಗಿಣಿರಾಮ' ಅನ್ನುವ ಮಾತು ಹಕ್ಕಿಯ ಹೆಸರೂ ಹೌದು, ಜಾತಿಯ ಹೆಸರೂ ಹೌದು ಅನ್ನುವ ಹಾಗಿದೆ. ನೆರೆಯವರಲ್ಲೂ ರಾಮ ಇದ್ದಾನೆ. ತೆಲುಗಿನವರಿಗೆ ರಾಮಚಿಲುಕ. ಮರಾಠಿಯವರಿಗೆ ರಾಘೂ. ಹಿಂದಿ ಸೀಮೆಯಲ್ಲಿ ಗಂಗಾರಾಮ್. ಗಿಣಿಗೆ ಕಲಿಸುವ ಮೊದಲ ಮಾತು 'ರಾಮ'. ಕಲಿಸುವ ನೆಪದಲ್ಲಿ ಮನೆಯವರ ಬಾಯಲ್ಲೂ ದೇವರ ಹೆಸರು. ಗಿಣಿಗೆ ರಾಮನಾಮ ಹೇಳಿಕೊಡುತ್ತಲೇ ವೇಶ್ಯೆಯೊಬ್ಬಳು ಮುಕ್ತಿ ಪಡೆದ ಕತೆ ಭಕ್ತರಲ್ಲಿ ಚಾಲ್ತಿಯಲ್ಲಿತ್ತು. ಮಗನಿಗೆ ನಾರಾಯಣ ಅಂತ ಹೆಸರಿಟ್ಟು, ಸಾಯುವಾಗ ಅವನನ್ನೇ ಕೂಗಿ ಬಚಾವಾದ ಅಜಾಮಿಳನ ಲೆಕ್ಕಾಚಾರವೂ ಅದೇ ತಾನೆ.

ಇಲ್ಲಿ ಒಂದು ವಿಶೇಷ ಇದೆ. ಬೇರೆ ಪ್ರಾಣಿಗಳ ಹೆಸರನ್ನು ಕರೆಯುವುದು ನಾವು ಮಾತ್ರ. ಹಸುವಿಗೆ ಬಣ್ಣ ನೋಡಿ ಕೆಂಪಿ, ಬೆಳ್ಳಿ, ಕೌಲಿ ಅಂತ ಇಡುತ್ತೇವೆ. ತುಳುನಾಡಿನಲ್ಲಿ ಅಂಕದ, ಅಂದರೆ ಕೋಳಿ ಕಾಳಗದ ಹುಂಜವನ್ನೂ ಬಣ್ಣ ಹಿಡಿದೇ ಬೊಳ್ಳೆ, ಕೆಮ್ಮೈರೆ ಅಂತಾರೆ. ಅವು ತಮ್ಮ ಹೆಸರನ್ನು ತಾವೇ ಹೇಳಬೇಕಾಗಿಲ್ಲ. ಗಿಣಿ ಹೇಳುತ್ತದೆ. ಹಾಗಾಗಿ ಅದರ ಹೆಸರು ಅದರ ನಾಲಿಗೆಗೂ ಒಗ್ಗಬೇಕು. ಎರಡಕ್ಷರ, ಮಧ್ಯೆ ಒಂದು ಗಟ್ಟಿ ಒತ್ತು ಇದ್ದರೆ ಕಲಿಸುವುದು ಸುಲಭ ಅಂತ ಸಾಕಿದವರ ಅನುಭವ. ಮಿಟ್ಟು ಹೆಸರು ಇಷ್ಟು ಓಡಿದ್ದು ಇದಕ್ಕೇ ಇರಬಹುದು. ಹಿಂದಿಯ ಮಿಟ್ಠೂ, ಸಿಹಿ ಅನ್ನುವ ಅರ್ಥದ ಮೀಠಾದಿಂದ ಬಂದದ್ದು. ನಾವು ಮಹಾಪ್ರಾಣ ಬಿಟ್ಟು ಮಿಟ್ಟು ಮಾಡಿಕೊಂಡೆವು.

ಗಿಳಿಗಳು ತಮ್ಮೊಳಗೇ ಹೆಸರು ಇಟ್ಟುಕೊಳ್ಳುವುದೂ ಉಂಟು. ವೆನೆಜುವೆಲಾದಲ್ಲಿ ಒಂದು ಜಾತಿಯ ಪುಟ್ಟ ಗಿಳಿಗಳನ್ನು ಗಮನಿಸಿದ ಕಾರ್ಲ್ ಬರ್ಗ್ ಮತ್ತು ಜೊತೆಗಾರರು 2011ರಲ್ಲಿ ಇದರ ಬಗ್ಗೆ ಬರೆದರು. ಗೂಡಿನಲ್ಲಿರುವಾಗಲೇ ಪ್ರತಿ ಮರಿಗೂ ತನ್ನದೇ ಒಂದು ಕೂಗು ಬರುತ್ತದೆ, ಅದನ್ನು ಅದು ಕಲಿಯುವುದು ತಂದೆತಾಯಿಯಿಂದ. ಮೊಟ್ಟೆಗಳನ್ನು ಗೂಡಿನಿಂದ ಗೂಡಿಗೆ ಬದಲಾಯಿಸಿ ನೋಡಿದರು. ಮರಿಗಳ ಕೂಗು ಹೆತ್ತವರದನ್ನಲ್ಲ, ಸಾಕಿದವರದನ್ನು ಹೋಲುತ್ತಿತ್ತು.

ರಾಮ ಅನ್ನುವ ಹೆಸರು ಈಗ ಕಡಿಮೆಯಾಗಿದೆ. ಜನರ ಭಕ್ತಿ ಕಡಿಮೆಯಾಯಿತು, ಇಂಗ್ಲಿಷ್ ಹುಚ್ಚು ಹೆಚ್ಚಿತು ಅಂತ ಬೇಗ ಹೇಳಿಬಿಡಬಹುದು. ನನಗೆ ಒಪ್ಪಿಗೆ ಇಲ್ಲ. ಹಕ್ಕಿಯೇ ಬದಲಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ನಮ್ಮ ಊರಿನ ಕೆಂಪು ಕೊಕ್ಕಿನ ಗಿಣಿಯನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು ತಪ್ಪು. ಅದರ ಜಾಗಕ್ಕೆ ಬಂದದ್ದು ಬಜರಿಗರ್, ಕಾಕಟೀಲ್. ಬಜರಿಗರ್‌ನಲ್ಲಿ ಗಂಡು ಸ್ವಲ್ಪ ಮಾತು ಕಲಿತೀತು, ಅದೂ ಕೀಚಲು ದನಿಯಲ್ಲಿ, ಗಡಿಬಿಡಿಯಲ್ಲಿ. ಹೆಣ್ಣು ಕಲಿಯುವುದು ಅಪರೂಪ. ಕಾಕಟೀಲ್‌ಗೆ ಮಾತಿಗಿಂತ ಸಿಳ್ಳೆಯೇ ಇಷ್ಟ. ಹಕ್ಕಿ ತನ್ನ ಹೆಸರು ತಾನೇ ಹೇಳುವ ಆಸೆ ಹೋಯಿತು. ಈಗ ಹೆಸರು ಮನೆಯ ಮಗುವಿನ ನಾಲಿಗೆಗೆ ಒಗ್ಗಿದರೆ ಸಾಕು.

ಗಿಣಿರಾಮ ಪದದಲ್ಲಿ ಇನ್ನೊಂದು ಎಳೆ ಇದೆ. ತೆಲುಗಿನ ರಾಮಚಿಲುಕದಲ್ಲಿ ಕೊನೆಗೆ ಬರುವುದು ಹಕ್ಕಿ. ನಮ್ಮ ಗಿಣಿರಾಮದಲ್ಲಿ ಕೊನೆಗೆ ಬರುವುದು ರಾಮ. ಅದಕ್ಕೇ 'ಗಿಣಿರಾಮ ಹಾರಿಹೋದ' ಅನ್ನುವುದು ನಮ್ಮ ಕಿವಿಗೆ ಸಹಜ. ಗುಬ್ಬಿಗೆ ಅಕ್ಕ ಸೇರಿಸಿ ಗುಬ್ಬಕ್ಕ ಮಾಡಿದರೂ ಇದೇ ಜಾದೂ. 'ಗುಬ್ಬಿ ಮರೀಗೆ ಸ್ನಾನ ಮಾಡಿಸ್ತಾ ಇತ್ತು', ಆದರೆ 'ಗುಬ್ಬಕ್ಕ ಬಾಗಿಲು ತೆಗೀಲಿಲ್ಲ, ಮಗೂಗೆ ಸ್ನಾನ ಮಾಡಿಸ್ತಾ ಇದ್ಳು'. ಇನ್ನು ತೆಲುಗಿನವರಿಗೆ ಏಕವಚನದಲ್ಲಿ ಹೆಂಗಸಿಗೂ ಹಕ್ಕಿಗೂ ಒಂದೇ ಕ್ರಿಯಾಪದ. ಅಮ್ಮ ವಚ್ಚಿಂದಿ, ಚಿಲುಕ ವಚ್ಚಿಂದಿ. ನಮ್ಮ ಹವ್ಯಕರ ಮನೆಮಾತಿನಲ್ಲೂ 'ಅಕ್ಕ ಬಂತು' ಅನ್ನುವ ಬಳಕೆ ಇದೆ. ಅಂಥ ಮನೆಯಲ್ಲಿ ಭಾವ ಮತ್ತು ಅತ್ತೆಯವರ ಜಗಳ ಹುಟ್ಟುತ್ತಲೇ ಇರಲಿಲ್ಲ!

ಈಗ ನಿಮ್ಮಿಂದ ಬೇಕಾದದ್ದು. ನಿಮ್ಮ ಮನೆಯಲ್ಲಿ ಹೆಸರಿಟ್ಟ ಹಕ್ಕಿ 'ಬಂತು' ಅಂತೀರೋ, 'ಬಂದ', 'ಬಂದ್ಲು' ಅಂತೀರೋ? ಎರಡಿದ್ದರೆ 'ಎರಡೂ' ಅಂತೀರೋ, 'ಇಬ್ಬರೂ' ಅಂತೀರೋ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಬರೆಯಿರಿ. ನಾನು ಕೇಳಿಸಿಕೊಂಡದ್ದೆಲ್ಲ ಹಳೇ ಮೈಸೂರು ಸೀಮೆಯ ಮಾತು. ತುಳು ಮನೆಮಾತಿನವರು ಅಂಕದಲ್ಲಿ ಗೆದ್ದ ಬೊಳ್ಳೆಗೆ ಯಾವ ಕ್ರಿಯಾಪದ ಹಚ್ಚುತ್ತಾರೆ ಅಂತ ತಿಳಿಸಿದರೆ ಇನ್ನೂ ಚೆನ್ನ.

ಹಳಗನ್ನಡ ಓದಿದವರಿಗೆ ಬೇರೆಯದೇ ಕೆಲಸ. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲಿ ಕತೆ ಹೇಳುವ ಗಿಣಿಗೆ ವೈಶಂಪಾಯನ ಅಂತ ಹೆಸರು. ಹಿಂದಿನ ಜನ್ಮದಲ್ಲಿ ಅದು ಮಂತ್ರಿಯ ಮಗ. ಆ ಮಂತ್ರಿಯ ಹೆಸರು ಶುಕನಾಸ, ಅಂದರೆ ಗಿಣಿಮೂಗಿನವನು. ಮೂಲ ಸಂಸ್ಕೃತ ಬರೆದ ಬಾಣನ ತಮಾಷೆ ನೋಡಿ. ಶೂದ್ರಕ ರಾಜನ ಸಭೆಯಲ್ಲಿ ಆ ಗಿಣಿ ಬಾಯಿ ಬಿಡುವ ಭಾಗ ತೆಗೆದು, ಅದಕ್ಕೆ ನಾಗವರ್ಮ ಹಚ್ಚಿದ ಕ್ರಿಯಾಪದಗಳು ಮನುಷ್ಯನವೋ ಹಕ್ಕಿಯವೋ ಅಂತ ಪದ್ಯದ ಸಮೇತ ಹಾಕಿ.

ಉತ್ತರದ ಜೊತೆ ಊರಿನ ಹೆಸರು, ಹಕ್ಕಿಯ ಹೆಸರು ಎರಡೂ ಇರಲಿ. ಮನೆಯಲ್ಲಿ ಆಡುವ ಹಾಗೇ ಬರೆಯಿರಿ, ಗ್ರಂಥಸ್ಥ ಮಾಡಬೇಡಿ.